ಹುಳದ ಮನೆಯಲ್ಲಿ ಇಂಗು

ಶಿಡ್ಲಘಟ್ಟಕ್ಕೆ ಬಂದಿಳಿದ ದಿನವೇ ನನಗೆ ಕತ್ತಿ ಹಿಡಿದವಳೆಂದು ಹೆಸರು ಬಂತು. ಕೈಯಲ್ಲಿದ್ದದ್ದು ರೊಟ್ಟಿ ಗಂಟು. ನಾವು ಬಾಡಿಗೆಗೆ ಹಿಡಿದ ಮನೆಯ ಒಡತಿ ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತು, "ಒಳಕ್ಕೆ ಬಾರಮ್ಮ, ಅದ್ಯಾಕೆ ಅಲ್ಲೇ ನಿಂತ್ಕಂಡೆ?" ಎಂದಳು. ನಾನು ಚಪ್ಪಲಿ ಬಿಡುತ್ತ, "ಬರಾಕತ್ತೀನ್ರೀ" ಎಂದೆ.

ಅವಳು ಗಾಬರಿಯಾಗಿ ಹಿಂದೆ ಸರಿದಳು. "ಕತ್ತೀನಾ? ಕತ್ತಿ ಯಾಕಮ್ಮ ತಂದೆ? ಸರೋಜಾ, ಬಾರೇ ಇಲ್ಲಿ, ಈಯಮ್ಮ ಏನೋ ಕತ್ತಿ ಅಂತಾಳೆ!"

ನಮ್ಮೂರು ಗುಳೇದಗುಡ್ಡದಲ್ಲಿ ಕೂತು ಇದನ್ನು ಓದುವವರಿಗೆ ಇದರಲ್ಲಿ ಗಾಬರಿ ಬೀಳುವಂಥದ್ದೇನು ಎನಿಸಬಹುದು. ನಮ್ಮ ಕಡೆ ಬರಾಕತ್ತೀನಿ ಎಂದರೆ ಬರುತ್ತಿದ್ದೇನೆ, ಅಷ್ಟೆ. ಉಣ್ಣಾಕತ್ತೀನಿ, ನೇಯಾಕತ್ತೀನಿ, ಬೈಯಾಕತ್ತೀನಿ, ಎಲ್ಲಕ್ಕೂ ಅದೇ ಬಾಲ. ಇಲ್ಲಿಯವರು ಬರ್ತಾ ಇದೀನಿ, ಉಣ್ತಾ ಇದೀನಿ ಎನ್ನುತ್ತಾರೆ. ಆ ಬಾಲ ಗೊತ್ತಿಲ್ಲದ ಕಿವಿಗೆ ನನ್ನ ಬಾಲದಲ್ಲಿ ಕತ್ತಿ ಕಂಡಿತು. ಸಂಜೆಯೊಳಗೆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಕತ್ತಿಯಮ್ಮನನ್ನು ನೋಡಿಕೊಂಡು ಹೋದರು.

ಆಗ ನಮ್ಮೂರು ಮುಂಬೈ ಸರಕಾರದ್ದು, ಇದು ಮೈಸೂರಿನದು. ಗೌರಿಬಿದನೂರಿನಲ್ಲಿ ರೈಲು ಇಳಿದಾಗ ಸುತ್ತ ತೆಲುಗು ಕೇಳಿ, ತಪ್ಪು ಸ್ಟೇಷನ್ನಿನಲ್ಲಿ ಇಳಿದೆವೆಂದು ಗಂಡನ ಜೊತೆ ಜಗಳ ತೆಗೆದಿದ್ದೆ. ಅಲ್ಲಿಂದ ಬಸ್ಸಿನಲ್ಲಿ ಚಿಕ್ಕಬಳ್ಳಾಪುರ. ಅಲ್ಲಿಂದ ಆಟದ ಸಾಮಾನಿನಂಥ ಚಿಕ್ಕ ರೈಲು. ಅದು ಎಷ್ಟು ನಿಧಾನ ಎಂದರೆ, ಇಳಿದು ಹೊಲದಲ್ಲಿ ಕೂತೆದ್ದು ಬಂದರೂ ಮತ್ತೆ ಹತ್ತಬಹುದಿತ್ತು.

ಮನೆಯ ಒಳಗೆ ಹೋದರೆ ಮಳೆಯ ಸದ್ದು. ಹೊರಗೆ ಸುಡುಬಿಸಿಲು, ಒಳಗೆ ಜಿಟಿಜಿಟಿ ಮಳೆ! ತಲೆ ಎತ್ತಿ ಹೆಂಚು ನೋಡಿದೆ. ಸೋರುತ್ತಿರಲಿಲ್ಲ. ಮುನಿವೆಂಕಟಮ್ಮ ಪಕ್ಕದ ಕತ್ತಲೆ ಕೋಣೆಯ ಪರದೆ ಸರಿಸಿದಳು. ಬಿದಿರಿನ ತಟ್ಟೆಗಳು, ತಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಹುಳ. ಅವೆಲ್ಲ ಒಟ್ಟಿಗೆ ತಿನ್ನುವ ಸದ್ದೇ ಆ ಮಳೆ. ನಾನು ಹುಟ್ಟಿದಾಗಿನಿಂದ ರೇಷ್ಮೆ ನೂಲು ಮುಟ್ಟಿದವಳು, ಕುಪ್ಪಸದ ಖಣ ನೇಯ್ದವಳು. ಆ ನೂಲು ಹೊಟ್ಟೆಯಲ್ಲಿಟ್ಟುಕೊಂಡ ಪ್ರಾಣಿಯನ್ನು ನೋಡಿದ್ದು ಅವತ್ತೇ. ಮೈ ಜುಮ್ಮೆಂದಿತು. ಹೆದರಿಕೆಯಿಂದಲ್ಲ. ಖುಷಿಯಿಂದ.

ನನ್ನ ಗಂಡ ಈರಪ್ಪನನ್ನು ನಮ್ಮೂರ ಸಾಹುಕಾರರು ಇಲ್ಲಿ ನೂಲು ಆರಿಸಿ ಕಳಿಸುವ ಕೆಲಸಕ್ಕೆ ಇಟ್ಟಿದ್ದರು. ಅವನು ಬೆಳಿಗ್ಗೆ ಹೊರಟರೆ ಇವತ್ತು ಜಂಗಮಕೋಟೆ, ನಾಳೆ ದಿಬ್ಬೂರಹಳ್ಳಿ, ನಾಡಿದ್ದು ಚಿಂತಾಮಣಿ. ಗೂಡು ಕುದಿಸಿ ನೂಲು ತೆಗೆಯುವವರ ಮನೆ ಮನೆ ಅಲೆದು ಹೊತ್ತು ಮುಳುಗಿದ ಮೇಲೆ ಬರುವನು. ಹಗಲೆಲ್ಲ ನಾನು ಮತ್ತು ಹುಳ. ಹುಳಕ್ಕಾದರೂ ಜೊತೆಯಿತ್ತು.

ಊಟದ ಪಾಡು ಹೇಳುತ್ತೇನೆ. ಮೊದಲ ದಿನ ಮುನಿವೆಂಕಟಮ್ಮ ರಾಗಿಮುದ್ದೆ ಕೊಟ್ಟಳು. ನಾನು ಅಗಿದೆ. ಬೀದಿಯವರು ಮತ್ತೊಮ್ಮೆ ಬಂದು ನೋಡಿದರು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಬೇಕಂತೆ, ಹಲ್ಲಿಗೆ ತೋರಿಸಬಾರದಂತೆ. ಜೋಳದ ರೊಟ್ಟಿ ಹಲ್ಲಿನ ಊಟ, ಮುದ್ದೆ ಗಂಟಲಿನ ಊಟ. ಹಲ್ಲಿನಿಂದ ಗಂಟಲಿಗೆ ಬರಲು ನನಗೆ ಬಹಳ ಕಾಲ ಹಿಡಿಯಿತು. ಹೆಸರೂ ಹೋಯಿತು. ಊರಲ್ಲಿ ಸಂಗವ್ವ, ಇಲ್ಲಿ ಸಂಗಮ್ಮ. ಗೂಡು ಬೇಯಿಸುವ ನಾತ ಮಾತ್ರ ಹೇಳತೀರದು. ಮೂಗಿಗೆ ಸೆರಗು ಹಿಡಿದು ನಡೆದರೆ, "ಏನಮ್ಮ, ಸೀರೆ ಬೇಕು, ವಾಸ್ನೆ ಬ್ಯಾಡ್ವಾ?" ಎಂದು ಕೇಳುತ್ತಿದ್ದರು. ಅದೂ ಸರಿಯಾದ ಮಾತೇ.

ಕೆಲವು ದಿನ ನೋಡಿ ಈರಪ್ಪ ಒಂದು ತೀರ್ಮಾನಕ್ಕೆ ಬಂದ. "ನಿನ್ನ ಮಾತು ಇಲ್ಲಿ ಯಾರಿಗೂ ತಿಳಿಯಂಗಿಲ್ಲ. ಅವರ ಮಾತು ನಿನಗ ತಿಳಿಯಂಗಿಲ್ಲ. ಈ ಸಲ ನೂಲು ಒಯ್ಯೂ ಮುಂದ ನಿನ್ನೂ ಒಯ್ದು ಊರಾಗ ಬಿಟ್ಟು ಬರ್ತೀನಿ."

"ನಾನೇನು ನೂಲಿನ ಲಡಿ ಏನು, ಕಟ್ಟಿ ಒಯ್ಯಾಕ?" ಎಂದೆ.

"ಇಲ್ಲೇನೈತಿ ನಿನಗ?"

ಏನಿದೆ ಎಂದು ನನಗೂ ಹೇಳಲು ಬರಲಿಲ್ಲ. ಅಲ್ಲಿ ಏನಿತ್ತೆಂದು ಮಾತ್ರ ಗೊತ್ತಿತ್ತು. ಮಗ್ಗದ ಕುಣಿಯಲ್ಲಿ ಕಾಲು, ಮಗ್ಗದ ಮೇಲೆ ಕಣ್ಣು, ಬೆನ್ನ ಹಿಂದೆ ಅತ್ತೆ. ಅತ್ತೆ ಕೆಟ್ಟವಳಲ್ಲ. ಅತ್ತೆ, ಅಷ್ಟೆ. ಇಲ್ಲಿ ಬಂದ ಮೇಲೆ ಮೊದಲ ಸಲ ನಾನು ಒಬ್ಬಳೇ ಬೀದಿಯ ತುದಿಯವರೆಗೆ ನಡೆದು, ಯಾರೂ ಕೇಳದೆ, ಹಾಗೇ ವಾಪಸು ಬಂದಿದ್ದೆ. ಅದನ್ನು ಬಿಟ್ಟು ಹೋಗುವ ಮನಸ್ಸು ನನಗಿರಲಿಲ್ಲ. "ಇಲ್ಲೇ ಒಂದು ಕೆಲಸ ಸಿಕ್ಕರ?" ಎಂದೆ. "ಸಿಕ್ಕರ ಇರು" ಎಂದ. ಸಿಗುವುದಿಲ್ಲವೆಂಬ ಧೈರ್ಯದಲ್ಲಿ ಹೇಳಿದ ಮಾತು ಅದು.

ಈಗ ಇಂಗಿನ ಕಥೆ.

ಮುನಿವೆಂಕಟಮ್ಮನ ಮಗಳು ಸರೋಜ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು ಮತ್ತೆ ಪರೀಕ್ಷೆಗೆ ಕಟ್ಟಿದ್ದಳು. ಹುಳಕ್ಕೆ ಸೊಪ್ಪು ಹೆಚ್ಚುವ ಕೆಲಸ ಅವಳದು, ಪಾಠ ಒಪ್ಪಿಸುವ ಕೆಲಸವೂ ಅವಳದು, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ನಾನು ಎದುರಿಗೆ ಕೂತಿದ್ದೆ. ಅವಳು ರಾಗವಾಗಿ ಹೇಳುತ್ತಿದ್ದಳು: "ಈಟ್, ಈಟಿಂಗ್. ಸ್ಲೀಪ್, ಸ್ಲೀಪಿಂಗ್. ಕೊನೆಗೆ ಇಂಗ್ ಹಾಕಬೇಕು. ಎಲ್ಲಾದಕ್ಕೂ ಇಂಗ್ ಹಾಕಬೇಕು."

ಒಳಗಿನಿಂದ ಮುನಿವೆಂಕಟಮ್ಮನ ಕೂಗು ಬಂತು. "ಯಾವಳೇ ಅದು ಇಂಗು ಹಾಕ್ಬೇಕು ಅನ್ನೋಳು? ಹುಳ ಇರೋ ಮನೇಲಿ ಇಂಗು ಹಾಕ್ತಾರೇನೇ? ಅರ್ಧ ಹುಳ ಜ್ವರಕ್ಕೆ ಕೂತವೆ! ಒಂದು ವಾಸ್ನೆ ಬಿದ್ರೆ ಎಲ್ಲಾ ಮಟಾಷ್!"

ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ಮಲಗುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದುವಂತಿಲ್ಲ. ಇಂಗಿನ ಮಾತಂತೂ ಎತ್ತುವಂತೆಯೇ ಇಲ್ಲ.

"ಅಮ್ಮಾ, ಅಡುಗೆಗಲ್ಲಮ್ಮಾ, ಇಂಗ್ಲಿಷ್‌ಗೆ!"

"ಇಂಗ್ಲಿಷ್‌ಗೂ ಬ್ಯಾಡ! ಹಾಕ್ಕೊಳ್ಳೋದಿದ್ರೆ ಬೀದೀಗ್ ಹೋಗಿ ಹಾಕ್ಕೋ!"

ಆ ಊರಿಗೆ ಬಂದ ಮೇಲೆ ನಾನು ಮೊದಲ ಸಲ ಹೊಟ್ಟೆ ಹಿಡಿದು ನಕ್ಕೆ. ನಕ್ಕು ಸಾಕಾದ ಮೇಲೆ ಕೇಳಿದೆ: "ಅದೇನವಾ ಸರೋಜಾ, ಇಂಗ್ ಅಂದ್ರ?"

"ಇನ್ನೂ ಮುಗ್ದಿಲ್ಲ ಅಂತ, ಸಂಗಕ್ಕ. ನಡೀತಾ ಐತೆ ಅಂತ. ನೋಡು, ಈ ತಟ್ಟೆ ಹುಳ ತಿಂತಾ ಅವೆ. ಇವು ಈಟಿಂಗ್. ಆ ತಟ್ಟೇವು ಮಲಗವೆ. ಅವು ಸ್ಲೀಪಿಂಗ್."

ನನ್ನ ತಲೆಯಲ್ಲಿ ದೀಪ ಹತ್ತಿತು. "ಅಯ್ಯ! ಅದು ನಮ್ಮ ಆಕತ್ತಿ!" ಎಂದು ಕೂಗಿದೆ. "ಇವು ತಿನ್ನಾಕತ್ತಾವ. ಅವು ಮಲಗಾಕತ್ತಾವ!"

ಸರೋಜ ಕಣ್ಣರಳಿಸಿದಳು. "ಹೂಂ ಕಣಕ್ಕ! ನಿನ್ ಕತ್ತೀನೇ ಇಂಗ್ಲಿಷ್‌ನೋರ ಇಂಗು!"

ಇಡೀ ಶಿಡ್ಲಘಟ್ಟ ನಕ್ಕ ನನ್ನ ಬಾಲ ಅಲ್ಲಿ ದೊರೆಗಳ ಭಾಷೆಯಲ್ಲಿ ರಾಜಾರೋಷವಾಗಿ ಕೂತಿತ್ತು! ಅವತ್ತಿನಿಂದ ನಾನು ದಿನಾ ಸೊಪ್ಪು ಹೆಚ್ಚಲು ಕೂತೆ. ಆಗ ನನಗೆ ಕನ್ನಡವೇ ಅಕ್ಷರ ಕೂಡಿಸಿ ಓದುವಷ್ಟು. ಇಂಗ್ಲಿಷ್ ಬರೆಯುವುದಕ್ಕೆ ಹೋಗಲಿಲ್ಲ. ಕಿವಿಯಲ್ಲಿ ಕಲಿತೆ. ಆ ಪಾಠದ ಹೆಸರು ಪ್ರೆಸೆಂಟ್ ಪಾರ್ಟಿಸಿಪಲ್ ಎಂದು. ನನ್ನ ಬಾಯಿಗೆ ಅದು ಪಾರ್ವತಿ ಸಿಪ್ಪೆ. ಹೆಸರು ಏನಾದರೇನು, ಹಣ್ಣು ಸಿಹಿಯಾಗಿತ್ತು.

ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ, ಕೇಳಿ. ನಮ್ಮಲ್ಲಿ ಹುಳ ತಿನ್ನುತ್ತಿದೆ ಎನ್ನುವುದಕ್ಕೆ ಒಂದು ಬಾಲ. ತಿನ್ನುವ ಹುಳ ಎಂದು ಹುಳಕ್ಕೆ ಗುರುತು ಹೇಳಲು ಇನ್ನೊಂದು. ತಿನ್ನುತ್ತ ಬೆಳೆಯಿತು ಎನ್ನಲು ಮತ್ತೊಂದು. ಇಂಗ್ಲಿಷಿನವರು ಮೂರಕ್ಕೂ ಒಂದೇ ಈಟಿಂಗ್ ಇಟ್ಟುಕೊಂಡಿದ್ದಾರೆ. ಜಿಪುಣರು! ಒಂದೇ ಸೀರೆಯನ್ನು ಮನೆಗೂ ಮದುವೆಗೂ ಹೊಲಕ್ಕೂ ಉಟ್ಟ ಹಾಗೆ. ಆದರೆ ಒಂದು ಕಟ್ಟಳೆ ಇದೆ. ಹುಳ ತಿನ್ನುತ್ತಿದೆ ಎಂದು ಹೇಳುವಾಗ ಈಟಿಂಗ್ ಒಂಟಿಯಾಗಿ ನಿಲ್ಲುವುದಿಲ್ಲ. ಮುಂದೆ ಆಮ್, ಈಸ್, ಆರ್ ಯಾವುದಾದರೊಂದು ಕೈ ಹಿಡಿದಿರಬೇಕು. ಗಂಡನಿಲ್ಲದೆ ಸಂತೆಗೆ ಹೋಗದ ಹೆಂಗಸಿನ ಹಾಗೆ. ಅದೇ ಗುರುತು ಹೇಳುವಾಗ, ಸ್ಲೀಪಿಂಗ್ ಹುಳ ಎನ್ನುವಾಗ, ಯಾರ ಕೈಯೂ ಬೇಡ, ಧೈರ್ಯವಾಗಿ ಮುಂದೆ ನಿಲ್ಲುತ್ತದೆ.

ಕೊನೆಯಲ್ಲಿ ಇಂಗ್ ಎಂದು ಕೇಳಿದ್ದೆಲ್ಲ ಇಂಗಲ್ಲ ಎಂದೂ ಗೊತ್ತಾಯಿತು. ಗುಡ್ ಮಾರ್ನಿಂಗ್ ಎಂದರೆ ಒಳ್ಳೆಯದನ್ನು ಮಾರಾಕತ್ತಾರ ಎಂದು ನಾನು ತಿಳಿದಿದ್ದೆ. ಸರೋಜ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸೊಪ್ಪು ಬಾಡಿತ್ತು. ಇನ್ನೊಂದು ಸಲ ಅವಳೇ ಸಿಕ್ಕಿಬಿದ್ದಳು. ಸೊಪ್ಪು ತಿನ್ನುವ ಹುಳಗಳನ್ನು ನಾನು ನೋಡಿದೆ ಎಂಬುದಕ್ಕೆ, "ಈಟಿಂಗ್ ಲೀವ್ಸ್, ಐ ಸಾ ದಿ ವರ್ಮ್ಸ್" ಎಂದು ಬರೆದಿದ್ದಳು. ಮೇಷ್ಟ್ರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, "ನೀನೂ ಸೊಪ್ಪು ತಿಂದೆಯಾ ತಾಯಿ?" ಎಂದು ಕೇಳಿದ್ದರು. ಇಂಗಿನ ಮಾತನ್ನು ಮೊದಲಿಗೆ ಇಟ್ಟರೆ, ಅದು ಮುಂದೆ ಯಾರು ಬರುತ್ತಾರೋ ಅವರ ತಲೆಗೆ ಸುತ್ತಿಕೊಳ್ಳುತ್ತದಂತೆ. ನಮ್ಮಲ್ಲೂ ಹಾಗೇ ಅಲ್ಲವೇ? ಸೊಪ್ಪು ತಿನ್ನುತ್ತ ನಾನು ಹುಳ ನೋಡಿದೆ ಎಂದರೆ ತಿಂದವಳು ನಾನೇ. ಮುನಿವೆಂಕಟಮ್ಮ ಅವತ್ತು ಮಗಳ ತಟ್ಟೆಗೆ ಮುದ್ದೆ ಇಡುತ್ತ, "ಸೊಪ್ಪು ತಂದ್ಕೊಡ್ಲೇನೇ?" ಎಂದಳು.

ಇಷ್ಟರಲ್ಲಿ ನೂಲಿನ ಗಂಟು ತುಂಬುತ್ತ ಬಂತು. ಈರಪ್ಪ ನನ್ನ ಸೀರೆಗಳ ಕಡೆ ನೋಡತೊಡಗಿದ. ಒಂದು ದಿನ ಮುನಿವೆಂಕಟಮ್ಮ ಓಡಿ ಬಂದಳು.

"ಸಂಗಮ್ಮಾ, ಹೆರಿಗೆ ಆಸ್ಪತ್ರೇಲಿ ಆಯಾ ಕೆಲ್ಸ ಐತಂತೆ. ಹೊಸಾ ಸಿಸ್ಟ್ರು ಬಂದವ್ಳೆ, ಮಲಯಾಳದೋಳು. ಅವಳ್ಗೆ ಕನ್ನಡ ಬರಲ್ಲ, ತೆಲುಗು ಬರಲ್ಲ, ಬರೀ ಇಂಗ್ಲಿಷು. ನಿನ್ ಕನ್ನಡನೂ ಯಾರ್ಗೂ ಬರಲ್ಲ. ಸರಿಹೋಯ್ತು ಜೋಡಿ, ನಡಿ!"

ನನ್ನ ತಾಯಿ ಸೂಲಗಿತ್ತಿ. ಬಿಸಿನೀರು ಕಾಯಿಸುತ್ತ, ಬಟ್ಟೆ ಒಗೆಯುತ್ತ ಬೆಳೆದವಳು ನಾನು. ಕೆಲಸಕ್ಕೆ ಹೆದರಲಿಲ್ಲ. ಸಿಸ್ಟರ್ ನನಗಿಂತ ಚಿಕ್ಕವಳು, ಬೆಳ್ಳನೆ ಸೀರೆ, ಹೆಸರು ಅಣ್ಣಮ್ಮ. ಅಣ್ಣನೂ ಅಮ್ಮನೂ ಒಬ್ಬಳೇ! ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಒಂದು ದಿನ ಕೆಲಸ ಮಾಡಿ ತೋರಿಸು ಎಂದು ಸನ್ನೆ ಮಾಡಿದಳು.

ಮಾಡಿ ತೋರಿಸಿದೆ. ಒಂದು ಹೆರಿಗೆಯಾಯಿತು, ಇನ್ನೊಬ್ಬಳಿಗೆ ನೋವು ಶುರುವಾಗಿತ್ತು. ಒಲೆ ಆರದ ಹಾಗೆ ನೋಡಿಕೊಂಡೆ. ಸಿಸ್ಟರ್ ಬಾಯಿಯಿಂದ ಬರುತ್ತಿದ್ದ ಮಾತುಗಳಲ್ಲಿ ಇಂಗ್ ಕೇಳಿದಾಗಲೆಲ್ಲ ನನ್ನ ಕಿವಿ ನಿಗುರುತ್ತಿತ್ತು. ಬ್ಲೀಡಿಂಗ್ ಎಂದಳು, ರಕ್ತ ಇನ್ನೂ ನಿಂತಿಲ್ಲ, ಬಟ್ಟೆ ಬೇಕು ಎಂದು ತಿಳಿದು ಬಟ್ಟೆ ಕೊಟ್ಟೆ. ಅವಳ ಮುಖ ಅರಳಿತು. ನನ್ನದು ಅದಕ್ಕಿಂತ ಹೆಚ್ಚು ಅರಳಿತು.

ಸಂಜೆ ದೀಪ ಹಚ್ಚುವ ಹೊತ್ತಾಯಿತು. ಹೊರಡಬೇಕು. ಸುಮ್ಮನೆ ಹೊರಟರೆ ಮರ್ಯಾದೆಯೇ? ಇಂಗ್ಲಿಷಿನಲ್ಲೇ ಹೇಳಬೇಕೆಂಬ ಉಮೇದು ಬೇರೆ. ಮನಸ್ಸಿನಲ್ಲೇ ಕೂಡಿಸಿಕೊಂಡೆ. ಬರುವುದಕ್ಕೆ ಕಮ್. ಇಂಗು ಹಾಕಿದರೆ ಕಮಿಂಗ್. ಮುಂದೆ ಕೈ ಹಿಡಿಯಲು ಆಮ್. ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ: "ಸಿಸ್ಟರ್, ಐ ಆಮ್ ಕಮಿಂಗ್!"

"ಯೆಸ್, ಕಮ್, ಕಮ್" ಎಂದಳು ಒಳಗಿನಿಂದ. ಎಂಥ ಮರ್ಯಾದಸ್ಥೆ ಎಂದುಕೊಂಡು ಮನೆಗೆ ಹೋಗಿ ಮುದ್ದೆ ನುಂಗಿ ಮಲಗಿದೆ. ಅವತ್ತು ಅಗಿಯಲಿಲ್ಲ.

ಮರುದಿನ ಹೋದರೆ ಸಿಸ್ಟರ್ ಕಣ್ಣು ಕೆಂಪಗಿತ್ತು. ಎರಡನೆಯ ಹೆರಿಗೆಯನ್ನು ಅವಳೊಬ್ಬಳೇ ಮಾಡಿದ್ದಳು. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಬಾಗಿಲು ನೋಡುತ್ತ, ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ನೀರು. ತಾಯಿ ಮಗು ಚೆನ್ನಾಗಿದ್ದರು, ಪುಣ್ಯ.

"ಯೂ ಸೆಡ್ ಕಮಿಂಗ್!" ಎಂದಳು.

"ಯೆಸ್. ಕಮಿಂಗ್" ಎಂದೆ, ಎದೆ ಮುಟ್ಟಿ ತೋರಿಸಿ. ಬಂದಿದ್ದೆನಲ್ಲ!

ಅವಳು ಗೇಟಿನ ಕಡೆ ಕೈ ಮಾಡಿದಳು. "ಗೋ."

ಆ ಮಾತಿಗೆ ಇಂಗು ಇರಲಿಲ್ಲ. ಬೋಳು ಮಾತು. ನನಗೆ ಪೂರ್ತಿ ಅರ್ಥವಾಯಿತು.

ಮನೆಯಲ್ಲಿ ಈರಪ್ಪ ಹಗ್ಗ ಬಿಗಿಯುತ್ತಿದ್ದ. "ನಾಳೆ ಚಿಕ್ಕ ರೈಲಿಗೆ ಹೋಗೂಣು" ಎಂದ. ಬೈಯಲೂ ಇಲ್ಲ, ಅಣಕಿಸಲೂ ಇಲ್ಲ. ಅದು ಇನ್ನೂ ಉರಿಸಿತು. ಸರೋಜಳಿಗೆ ನಡೆದದ್ದನ್ನು ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಸಂಗಕ್ಕ! ಹೋಗುವಾಗ ಕಮಿಂಗ್ ಅಂತಾರಾ? ಇಂಗ್ಲಿಷ್‌ನಲ್ಲಿ ಕಮಿಂಗ್ ಅಂದ್ರೆ ನಿನ್ ಕಡೇಗೇ ಬರ್ತಾ ಇದೀನಿ ಅಂತ. ಗೋಯಿಂಗ್ ಅನ್ಬೇಕಿತ್ತು."

ನಾನು ಬಾಯಿ ತೆರೆಯುವ ಮೊದಲೇ ಮುನಿವೆಂಕಟಮ್ಮ ಎಗರಿಬಿದ್ದಳು. "ಏನಂದೆ? ಬಾಣಂತಿ ಮಲಗಿರೋ ಮನೇಲಿ, ಆಗ ತಾನೇ ಹುಟ್ಟಿದ ಕೂಸಿನ ಮುಂದೆ, ಹೋಗ್ತೀನಿ ಅನ್ಬೇಕಿತ್ತಾ? ಯಾವ ಹಾಳು ಪುಸ್ತಕದಾಗೆ ಬರ್ದೈತೆ ಅದು? ಈಯಮ್ಮ ಸರಿಯಾಗೇ ಹೇಳವ್ಳೆ. ನಡೀರಿ, ಆ ಸಿಸ್ಟ್ರನ್ನ ನಾನ್ ಕೇಳ್ತೀನಿ."

ಮೂವರೂ ಹೋದೆವು. ಸಿಸ್ಟರ್ ಒಂದು ತಟ್ಟೆಯಲ್ಲಿ ಹತ್ತಿ ಜೋಡಿಸುತ್ತಿದ್ದಳು. ಸರೋಜ ಎದುರು ನಿಂತು ಶುರು ಮಾಡಿದಳು. ಪಾಠ ಒಪ್ಪಿಸುವ ಹುಡುಗಿ, ಪಾಪ, ಪರೀಕ್ಷೆಯ ಭಯ ಹಿಡಿದು ಆಮ್, ಈಸ್, ಆರ್ ಎಲ್ಲ ಒಂದರ ಮೇಲೊಂದು ಬಿದ್ದವು. ಸಿಸ್ಟರ್ ತಲೆ ಎತ್ತಲಿಲ್ಲ. "ನೋ ಟೈಮ್" ಎಂದಳು. ಹತ್ತಿ ಜೋಡಿಸುವುದು ನಿಲ್ಲಲಿಲ್ಲ.

ನನ್ನ ಕಣ್ಣ ಮುಂದೆ ಮಗ್ಗದ ಕುಣಿ ಬಂತು.

ಮುನಿವೆಂಕಟಮ್ಮನ ಸಿಟ್ಟು ನೆತ್ತಿಗೇರಿತು. ಅವಳಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಸೆರಗು ಕೊಡವಿ ಬಾಗಿಲ ಕಡೆ ತಿರುಗಿದಳು. ಆದರೂ ಹೆರಿಗೆ ಮನೆ ನೋಡಿ, ಸಿಟ್ಟಿನಲ್ಲೂ ಅಪಶಕುನ ಆಡುವ ಹೆಂಗಸಲ್ಲ ಅವಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಸರೇ ತಲ್ಲೀ, ಪೋಯಿ ವಸ್ತಾಂ!"

ಹೋಗಿ ಬರುತ್ತೇವೆ ತಾಯಿ ಎಂದು.

ಸಿಸ್ಟರ್ ಕೈ ನಿಂತಿತು. "ಎಂದಾ?" ಎಂದಳು. ಅದು ಅವಳ ಭಾಷೆಯಲ್ಲಿ ಏನು ಎಂದು. "ಪೋಯಿ..?"

"ಪೋಯಿ ವಸ್ತಾಂ" ಎಂದಳು ಮುನಿವೆಂಕಟಮ್ಮ, ಇನ್ನೂ ಜೋರಾಗಿ. ಕಿವಿ ಕೇಳಿಸದವರಿಗೆ ಹೇಳಿದ ಹಾಗೆ.

"ಪೋಯಿ ವರಾಂ!" ಎಂದು ಕೂಗಿಬಿಟ್ಟಳು ಸಿಸ್ಟರ್. ಅವಳ ಊರಿನಲ್ಲೂ ಅದೇ! ಅವಳ ತಾಯಿಯ ಮನೆಯ ಹೊಸಿಲಿನಲ್ಲಿ ಅವಳು ಆಡಿ ಬಂದ ಮಾತೂ ಅದೇ, ಹೋಗಿ ಬರ್ತೀನಿ! ನನ್ನ ಕಡೆ ತಿರುಗಿದಳು. ಬೆರಳನ್ನು ಗೇಟಿನ ಕಡೆ ಒಯ್ದು, ಮತ್ತೆ ತನ್ನ ಕಡೆಗೆ ತಂದು, "ಕಮಿಂಗ್?" ಎಂದಳು.

ನಾನೂ ಹಾಗೇ ಬೆರಳು ಮಾಡಿದೆ. "ಬರ್ತೀನಿ. ಕಮಿಂಗ್."

ಸಿಸ್ಟರ್ ನಗತೊಡಗಿದಳು. ಆ ನಗು ನಿಲ್ಲಲಿಲ್ಲ. ಹತ್ತಿ ಎಲ್ಲ ನೆಲಕ್ಕೆ ಬಿತ್ತು. ಒಳಗಿದ್ದ ಬಾಣಂತಿ ಏನಾಯಿತೆಂದು ಕೂಗಿ ಕೇಳಿದಳು. ಅಲ್ಲಿದ್ದದ್ದು ನಾಲ್ಕು ಭಾಷೆ. ಕನ್ನಡ, ತೆಲುಗು, ಮಲಯಾಳ ಮೂರೂ ಮರ್ಯಾದೆಗೆ ಹೋಗುವುದನ್ನು ಬರುವುದು ಎನ್ನುವವು, ನಾಲ್ಕನೆಯದು ಇಂಗ್ಲಿಷು. ತಪ್ಪಿದ್ದು ಅದೊಂದೇ, ಅಲ್ಲಿ ಯಾರ ಮನೆಮಾತೂ ಅಲ್ಲದ್ದು!

ಸಿಸ್ಟರ್ ಮತ್ತೆ ಗೇಟು ತೋರಿಸಲಿಲ್ಲ, ಒಲೆ ತೋರಿಸಿದಳು. ಅಂದಿನಿಂದ ಒಂದು ಒಪ್ಪಂದವಾಯಿತು. ಹೊರಡುವಾಗ ಬರೀ ಗೋಯಿಂಗ್ ನನ್ನ ಬಾಯಲ್ಲಿ ಬರುವುದಿಲ್ಲ. ಬರೀ ಕಮಿಂಗ್ ಅವಳಿಗೆ ಆಗುವುದಿಲ್ಲ. ಹಾಗಾಗಿ, "ಗೋಯಿಂಗ್, ಕಮಿಂಗ್" ಎನ್ನಬೇಕು. ಆಸ್ಪತ್ರೆಗೆ ಬರುವವರೆಲ್ಲ ಅದನ್ನು ಕಲಿತರು. ದಿಬ್ಬೂರಹಳ್ಳಿಯಿಂದ ಗಾಡಿಯಲ್ಲಿ ಬಂದ ಅಜ್ಜಿಯರೂ ಮೊಮ್ಮಗುವನ್ನು ಎತ್ತಿಕೊಂಡು ಹೊರಡುವಾಗ, "ಗೋಯಿಂಗು ಕಮಿಂಗು ಸಿಸ್ಟ್ರಮ್ಮ" ಎನ್ನುತ್ತಿದ್ದರು. ಕತ್ತಿಯಮ್ಮ ಹೋಗಿ ನಾನು ಕಮಿಂಗಮ್ಮ ಆದೆ.

ಈರಪ್ಪ ಹಗ್ಗ ಬಿಚ್ಚಿದ. ನೂಲು ಮಾತ್ರ ಒಯ್ದ. ಗಂಟು ಹೆಗಲಿಗೇರಿಸಿ ಹೊರಟಿದ್ದ. ಬೀದಿಯ ತುದಿಯಿಂದ ತಿರುಗಿ, "ಗೋಯಿಂಗ್ ಕಮಿಂಗ್!" ಎಂದು ಕೂಗಿದ. ಬೀದಿಯವರು ಈ ಸಲ ಅವನನ್ನು ನೋಡಲು ಬಂದರು.

ಎಲ್ಲವೂ ಸಲೀಸಾಗಿ ಹೋಯಿತೆಂದು ತಿಳಿಯಬೇಡಿ. ಒಮ್ಮೆ ಬಾಣಂತಿಗೆ ಕುಡಿಸಲು ಬಾಯಿಲ್ಡ್ ನೀರು ಕೇಳಿದರೆ ಕೊತಕೊತ ಎನ್ನುವ ಬಾಯಿಲಿಂಗ್ ನೀರು ತಂದು ಹಿಡಿದೆ. ಕುದ್ದ ನೀರು ಬೇರೆ, ಕುದಿಯುವ ನೀರು ಬೇರೆ. ಒಂದರಲ್ಲಿ ಮುಗಿದಿದೆ, ಇನ್ನೊಂದರಲ್ಲಿ ನಡೆಯುತ್ತಿದೆ. ಇಂಗು ಇದ್ದರೆ ಬಾಯಿ ಸುಡುತ್ತದೆ ಎಂದು ನೆನಪಿಟ್ಟುಕೊಂಡೆ. ಕನ್ನಡದಲ್ಲಿ ನೀರು ಇಂಗಿತು ಎಂದರೆ ಬತ್ತಿಹೋಯಿತು. ಇಂಗ್ಲಿಷಿನಲ್ಲಿ ಇಂಗು ಹಾಕಿದರೆ ಬತ್ತಲೇ ಇಲ್ಲ. ಎಂಥ ತಿರುಗಾಮುರುಗಾ!

ಒಂದು ಬೆಳಿಗ್ಗೆ ಹುಟ್ಟಿದ ಕೂಸು ಅಳಲೇ ಇಲ್ಲ. ನೀಲಿಗಟ್ಟಿತ್ತು. ಸಿಸ್ಟರ್ ಅದರ ಬೆನ್ನು ಉಜ್ಜಿದಳು, ಪಾದ ತಟ್ಟಿದಳು, ಬಾಯೊಳಗಿನ ಲೋಳೆ ತೆಗೆದಳು. ಹೊರಗೆ ಮನೆಯವರು ಉಸಿರು ಹಿಡಿದು ನಿಂತಿದ್ದರು. ನಾನು ದೀಪ ಹಿಡಿದು ಅವಳ ಪಕ್ಕದಲ್ಲೇ ಇದ್ದೆ, ಮನಸ್ಸಿನಲ್ಲಿ ಯಾವ ಭಾಷೆಯೂ ಇರಲಿಲ್ಲ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸದ್ದು. ಮತ್ತೊಂದು. ಆಮೇಲೆ ಕಿಟಾರನೆ! ಸಿಸ್ಟರ್ ನನ್ನ ಮುಖ ನೋಡಿ, "ಕ್ರೈಯಿಂಗ್!" ಎಂದಳು. ನಾನು 'ಈಸ್' ಇಲ್ಲವೆಂದು ತಿದ್ದಲು ಹೋಗಲಿಲ್ಲ. ಹೊರಗೆ ಓಡಿ, "ಅಳಾಕತ್ತೈತಿ! ಅಳಾಕತ್ತೈತಿ!" ಎಂದು ಕೂಗಿದೆ. ಯಾರೂ ಕತ್ತಿ ಯಾಕಮ್ಮ ಎಂದು ಕೇಳಲಿಲ್ಲ.

ನಾಡು ಒಂದಾಯಿತು. ನಮ್ಮೂರೂ ಮೈಸೂರಿಗೆ ಸೇರಿತು. ಸರೋಜ ಇಂಗ್ಲಿಷಿನಲ್ಲಿ ಪಾಸಾಗಿ ಚಿಂತಾಮಣಿಗೆ ಮದುವೆಯಾಗಿ ಹೋದಳು. ನಾನು ಹಬ್ಬಕ್ಕೆ ಗುಳೇದಗುಡ್ಡಕ್ಕೆ ಹೋದಾಗ ಅತ್ತೆ ರೊಟ್ಟಿ ಬಡಿಯುತ್ತ, "ಉಂಡೇನವಾ?" ಎಂದಳು. "ಉಣ್ತಾ ಇದೀನಿ" ಎಂದೆ. ಮನೆಯೆಲ್ಲ ನಕ್ಕಿತು. "ಬರ್ರಿ, ಬರ್ರಿ, ಮೈಸೂರು ಕಡೆಯ ಸಂಗಮ್ಮನೋರು ಬಂದಾರ!" ಎಂದು ನಾದಿನಿ ಕೂಗಿದಳು. ರೊಟ್ಟಿ ರುಚಿಯಾಗಿತ್ತು. ಮೂರನೆಯ ದಿನಕ್ಕೆ ಮುದ್ದೆ ನೆನಪಾಯಿತು. ಮುದ್ದೆ ನುಂಗಿದ ಮೂರನೆಯ ದಿನಕ್ಕೆ ರೊಟ್ಟಿ ನೆನಪಾಗುವುದೂ ಹೀಗೆಯೇ. ಇದಕ್ಕೆ ಅಳುವುದೇನಿದೆ? ಹೊಟ್ಟೆ ಒಂದೇ ಇದ್ದರೂ ನೆನಪು ಎರಡು ಒಲೆ ಇಟ್ಟುಕೊಂಡಿದೆ.

ಸಿಸ್ಟರ್ ಅಣ್ಣಮ್ಮನಿಗೆ ಅವಳ ಊರಿನ ಹತ್ತಿರ ಕೆಲಸ ಸಿಕ್ಕಿತು. ಚಿಕ್ಕ ರೈಲಿಗೆ ಬಿಡಲು ನಾನು, ಮುನಿವೆಂಕಟಮ್ಮ ಹೋಗಿದ್ದೆವು. ಅಷ್ಟು ಹೊತ್ತಿಗೆ ಅವಳಿಗೆ ನನ್ನ ಕನ್ನಡ ಬರುತ್ತಿತ್ತು. ನನ್ನದೇ, ಶಿಡ್ಲಘಟ್ಟದ್ದಲ್ಲ! ನನ್ನಿಂದ ಕಲಿತದ್ದು ತಾನೇ. ರೈಲು ಅಲುಗಿದಾಗ ಅವಳು ಕಿಟಕಿಯಿಂದ ತಲೆ ಹಾಕಿ, "ಬರಾಕತ್ತೀನಿ, ಸಂಗವ್ವಾ!" ಎಂದಳು. ಪಕ್ಕದಲ್ಲಿ ಕೂತಿದ್ದವರು ಸ್ವಲ್ಪ ಸರಿದು ಕೂತರು. ಕತ್ತಿ ಇರಬಹುದೆಂದು.

ಆಮೇಲೆ ಅವಳು ಈ ಕಡೆ ಬರಲಿಲ್ಲ. ಅವಳು ಸುಳ್ಳು ಹೇಳಿದಳೆಂದು ನಾನು ಎಂದೂ ಅಂದುಕೊಂಡಿಲ್ಲ. ಬರುತ್ತೇನೆ ಎಂದಿದ್ದರೆ ಬರಬೇಕಿತ್ತು. ಬರಾಕತ್ತೀನಿ ಎಂದಳು. ಮುಗಿದಿಲ್ಲ, ಅಷ್ಟೆ.

ಈಗ ನಾನು ಮುದುಕಿ. ಗುಳೇದಗುಡ್ಡದವರು ಸಿಕ್ಕಾಗ, "ಸಂಗವ್ವ, ಇನ್ನರ ಊರಿಗೆ ಬರ್ತಿಯಿಲ್ಲೋ?" ಎನ್ನುತ್ತಾರೆ. "ಬರಾಕತ್ತೀನಿ" ಎನ್ನುತ್ತೇನೆ. ಇಲ್ಲಿ ಬೀದಿಗೆ ಹೊಸದಾಗಿ ಬಂದವರು, "ನೀವು ಇದೇ ಊರಿನೋರಾ ಅಮ್ಮ?" ಎಂದು ಕೇಳುತ್ತಾರೆ. "ಆಗ್ತಾ ಇದೀನಿ" ಎನ್ನುತ್ತೇನೆ. ಎರಡಕ್ಕೂ ಇಂಗು ಹಾಕಿದ್ದೇನೆ. ಪಕ್ಕದ ಕೋಣೆಯಲ್ಲಿ ಹುಳ ಜ್ವರಕ್ಕೆ ಕೂತಿದ್ದರೆ ಮಾತ್ರ ಮೆಲ್ಲಗೆ ಹೇಳುತ್ತೇನೆ.